ಮೊದಲ ಇ-ಪುಸ್ತಕ ಮಾರುವುದು ಹೇಗೆ? ಕೈ ಹಾಕಿದವರು ನಿಮ್ಮ ಅನುಭವ ಹೇಳಿ

ದಾವಣಗೆರೆ ಕಥೆಗಾರ್ತಿ:
ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಥಾಸಂಕಲನ ಸಿದ್ಧವಾಗಿದೆ. ಹನ್ನೊಂದು ಕಥೆಗಳಿವೆ, ಎಲ್ಲವನ್ನೂ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದೇನೆ. ಸದ್ಯಕ್ಕೆ ಅಚ್ಚು ಹಾಕಿಸುವ ಯೋಚನೆ ಇಲ್ಲ, ಇ-ಪುಸ್ತಕ ಮಾತ್ರ. ಕೈಯಲ್ಲಿ ಹತ್ತು ಸಾವಿರ ರೂಪಾಯಿ ಇದೆ. ಎಲ್ಲಿ ಮಾರಬೇಕು, ಬೆಲೆ ಎಷ್ಟಿಡಬೇಕು, ಬಿಡುಗಡೆಗೆ ಮುಂಚೆ ಪ್ರಚಾರಕ್ಕೆ ಏನು ಮಾಡಬೇಕು? ರಾಜ್ಯೋತ್ಸವದ ಹೊತ್ತಿಗೆ ತರಬೇಕು ಅಂತ ಆಸೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು, ಹಾಸನ:
ಯಾವ ಅಂಗಡಿಯೂ ಬೇಡಮ್ಮಾ. ನನ್ನ ಪ್ರಬಂಧಗಳ ಪುಸ್ತಕವನ್ನು ನಾನು ವಾಟ್ಸಾಪ್‌ನಲ್ಲೇ ಮಾರಿದೆ. ಕ್ಯೂಆರ್ ಕೋಡ್ ಹಾಕಿದ ಒಂದು ಪೋಸ್ಟರ್, ಬೆಲೆ 80 ರೂಪಾಯಿ. ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸಿದವರಿಗೆ ಫೈಲ್ ಕಳಿಸುತ್ತಿದ್ದೆ. ಖರ್ಚು ಬರೆದಿಟ್ಟಿದ್ದೇನೆ: ಮುಖಪುಟಕ್ಕೆ 1,500, ಪುಟ ವಿನ್ಯಾಸಕ್ಕೆ 2,000, ಪೋಸ್ಟರ್‌ಗೆ 300. ಒಟ್ಟು 3,800. ಮೊದಲ ವಾರದಲ್ಲೇ ಹಾಕಿದ ದುಡ್ಡು ವಾಪಸ್ ಬಂತು. ಕೊಂಡವರಲ್ಲಿ ಮುಕ್ಕಾಲು ಪಾಲು ನನ್ನ ಹಳೆಯ ವಿದ್ಯಾರ್ಥಿಗಳು, ಅವರ ಮನೆಯವರು.

ಒಂದು ಮಾತು ನೆನಪಿಡಿ. ಪಿಡಿಎಫ್‌ನ್ನು ಎ4 ಅಳತೆಯಲ್ಲಿ ಮಾಡಿಸಬೇಡಿ. ಮೊಬೈಲಿನಲ್ಲಿ ಓದುವವರು ಪ್ರತಿ ಸಾಲಿಗೂ ಅತ್ತಿತ್ತ ಸರಿಸಬೇಕಾಗುತ್ತದೆ. ನನ್ನದು ಅಂಗೈ ಅಗಲದ ಪುಟ, ದಪ್ಪ ಅಕ್ಷರ. ಎಪ್ಪತ್ತು ದಾಟಿದವರೂ ಕನ್ನಡಕ ಇಲ್ಲದೆ ಓದಿದೆವು ಅಂದರು. ಪ್ರತಿ ಪ್ರತಿಯ ಮೊದಲ ಪುಟದಲ್ಲಿ ಕೊಂಡವರ ಹೆಸರು ಹಾಕಿ ಕಳಿಸುತ್ತಿದ್ದೆ. ತಮ್ಮ ಹೆಸರಿರುವ ಫೈಲನ್ನು ಗುಂಪಿಗೆ ಹಾಕಲು ಜನ ಹಿಂದೆಮುಂದೆ ನೋಡುತ್ತಾರೆ.

ಡಿಟಿಪಿ ಅಂಗಡಿ, ಹುಬ್ಬಳ್ಳಿ:
ಮೇಡಂ, ಎಲ್ಲಿ ಮಾರಬೇಕು ಅನ್ನುವುದು ಆಮೇಲಿನ ಮಾತು. ಮೊದಲು ಫೈಲ್ ನೋಡಿ. ನಿಮ್ಮದು ಯೂನಿಕೋಡ್ ಅಂತ ಬರೆದಿದ್ದೀರಿ, ಒಳ್ಳೆಯದೇ. ಆದರೆ ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ ಹಾಗೇ ಹೇಳುತ್ತಾರೆ. ತೆರೆದು ನೋಡಿದರೆ ಅರ್ಧ ಹಳೆಯ 'ನುಡಿ', ಅರ್ಧ 'ಬರಹ' ತಂತ್ರಾಂಶದ ಅಕ್ಷರ. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದ ಕೂಡಲೇ ಅರ್ಕಾವತ್ತು ಕೈಕೊಡುತ್ತದೆ. 'ಸೂರ್ಯ' ಹೋಗಿ 'ಸೂಯ೯' ಆಗುತ್ತದೆ. ಅದು ಅರ್ಕಾವತ್ತು ಅಲ್ಲ, ಕನ್ನಡದ ಒಂಬತ್ತು! ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಓದುವವರು ಅದನ್ನು ಹುಡುಕಿದರೆ ಸಿಗುವುದಿಲ್ಲ, ಫೋನು ಗಟ್ಟಿಯಾಗಿ ಓದಿ ಹೇಳಿದರೆ ನಡುವೆ 'ಒಂಬತ್ತು' ಅನ್ನುತ್ತದೆ. ಒಬ್ಬ ಲೇಖಕರ ಕಾದಂಬರಿ ಹೀಗೇ ಮಾರಾಟಕ್ಕೆ ಹೋಯಿತು. ಬೇರೆ ಕಡೆ ಅಗ್ಗಕ್ಕೆ ಮಾಡಿಸಿದ್ದರು. ಮೊದಲ ಮೂರು ವಿಮರ್ಶೆಗಳೂ ಕಾಗುಣಿತದ ಬಗ್ಗೆಯೇ ಬಂದವು. ಆಮೇಲೆ ನಾನು ಪೂರ್ತಿ ತಿದ್ದಿಕೊಟ್ಟೆ, ಪುಟಕ್ಕೆ 12 ರೂಪಾಯಿ, 240 ಪುಟ. 2,880 ರೂಪಾಯಿ ಮೊದಲೇ ಕೊಟ್ಟಿದ್ದರೆ ಮುಗಿಯುತ್ತಿತ್ತು. ಹಾಕಿದ ವಿಮರ್ಶೆಯನ್ನು ಯಾರೂ ವಾಪಸ್ ತೆಗೆಯಲಿಲ್ಲ.

ಮೇಷ್ಟ್ರೇ, ಅಂಗೈ ಅಗಲದ ಪಿಡಿಎಫ್ ಈಗ ಯಾಕೆ? ಇ-ಪುಸ್ತಕಕ್ಕೆಂದೇ ಇರುವ ಇ-ಪಬ್ ಫೈಲ್ ಮಾಡಿದರೆ ಓದುವವರೇ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರು, ಹಾಸನ:
ಇ-ಪಬ್ ಕಳಿಸಿದ್ದೆ ಸ್ವಾಮಿ. 'ಫೈಲ್ ತೆರೆಯುತ್ತಿಲ್ಲ' ಅಂತ ಫೋನಿನ ಮೇಲೆ ಫೋನು. ಆ್ಯಪ್ ಹಾಕಿಕೊಳ್ಳಿ ಅಂದರೆ ಅರ್ಧ ಜನ ಸುಮ್ಮನಾದರು. ಓದುವವರಿಗೆ ಯಾವುದು ಬರುತ್ತದೋ ಅದನ್ನು ಕೊಡಬೇಕು.

ಮಲೆನಾಡಿನವಳು:
ದಾವಣಗೆರೆ ಅಕ್ಕಾ, ನಾನು ಬೇರೆ ದಾರಿ ಹಿಡಿದೆ. ನನಗೆ ಅದೇ ಸರಿ ಅಂತ ಈಗಲೂ ಅನಿಸುತ್ತದೆ. ಮೊದಲು ಪ್ರತಿಲಿಪಿ ಅನ್ನುವ ಕಥೆ ಓದುವ, ಬರೆಯುವ ಆ್ಯಪ್‌ನಲ್ಲಿ ಧಾರಾವಾಹಿ ಬರೆದೆ. ವಾರಕ್ಕೆ ಎರಡು ಕಂತು, ಮಂಗಳವಾರ ಮತ್ತು ಶುಕ್ರವಾರ, ರಾತ್ರಿ ಒಂಬತ್ತಕ್ಕೆ. ಮಳೆಗಾಲದಲ್ಲಿ ಕರೆಂಟ್ ಇಲ್ಲದಿದ್ದರೂ ಕಂತು ತಪ್ಪಿಸಲಿಲ್ಲ. ಹಾಗೆ ಕಾದು ಓದಿದವರೇ ಆಮೇಲೆ ನನ್ನ ಪುಸ್ತಕ ಕೊಂಡರು. ಪ್ರಚಾರ ಅಂದರೆ ನನಗೆ ಅಷ್ಟೇ ಗೊತ್ತು.

ಪುಸ್ತಕವನ್ನು ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಹಾಕಿದೆ. ಖಾತೆ ತೆರೆಯಲು ದುಡ್ಡು ಕೇಳುವುದಿಲ್ಲ. ಬ್ಯಾಂಕ್ ವಿವರ, ತೆರಿಗೆ ವಿವರ ತುಂಬಬೇಕು, ಸ್ವಲ್ಪ ತಲೆನೋವು. ಐಎಸ್‌ಬಿಎನ್ ಅನ್ನುವ ಪುಸ್ತಕದ ಅಂತಾರಾಷ್ಟ್ರೀಯ ಸಂಖ್ಯೆ ಇಲ್ಲದಿದ್ದರೂ ನಡೆಯುತ್ತದೆ, ಅವರೇ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ನನಗೆ ಬೇಕಿತ್ತು ಅಂತ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಐಎಸ್‌ಬಿಎನ್ ತೆಗೆದುಕೊಂಡೆ. ಭಾರತದಲ್ಲಿ ಅದು ಉಚಿತ. ಅದಕ್ಕೆ ಯಾರಾದರೂ ಎರಡು ಸಾವಿರ ಕೇಳಿದರೆ ಕೊಡಬೇಡಿ.

ಯಾರೂ ಹೇಳದ ವಿಷಯ ಒಂದಿದೆ. ಅಲ್ಲಿ ಪುಸ್ತಕದ ಮೊದಲ ಭಾಗ ಪುಕ್ಕಟೆ ಮಾದರಿಯಾಗಿ ಕಾಣುತ್ತದೆ, ನಾವು ಬದಲಿಸದಿದ್ದರೆ ಶೇಕಡಾ 20. ನಮ್ಮ ಕನ್ನಡ ಪುಸ್ತಕಗಳ ಮೊದಲ ಭಾಗದಲ್ಲಿ ಏನಿರುತ್ತದೆ? ಅರ್ಪಣೆ, ಮುನ್ನುಡಿ, ಆಶಯ ನುಡಿ, ಲೇಖಕರ ಮಾತು, ಮೂವತ್ತು ಜನರಿಗೆ ಕೃತಜ್ಞತೆ. ಮಾದರಿ ಅಲ್ಲಿಗೇ ಮುಗಿಯುತ್ತದೆ, ಕಥೆಯ ಒಂದು ಸಾಲೂ ಓದುಗರ ಕಣ್ಣಿಗೆ ಬೀಳುವುದಿಲ್ಲ. ನಾನು ಮುನ್ನುಡಿಯನ್ನು ಪುಸ್ತಕದ ಕೊನೆಗೆ ಹಾಕಿದೆ. ನನ್ನ ಅತ್ಯುತ್ತಮ ಅಧ್ಯಾಯ ಮೊದಲ ಪುಟದಿಂದಲೇ ಶುರು. ಅದೇ ವಾರದಿಂದ ಮಾರಾಟದಲ್ಲಿ ವ್ಯತ್ಯಾಸ ಕಂಡಿತು.

ನಿವೃತ್ತ ಮೇಷ್ಟ್ರು, ಹಾಸನ:
ಮುನ್ನುಡಿ ಬರೆದುಕೊಟ್ಟ ಹಿರಿಯರನ್ನು ಕೊನೆಗೆ ತಳ್ಳುವುದು ಯಾವ ಸೌಜನ್ಯ? ನನ್ನ ಪುಸ್ತಕಕ್ಕೆ ಮುನ್ನುಡಿ ಬರೆದವರು ನನ್ನ ಗುರುಗಳು. ಕಣ್ಣು ಮಂಜಾಗಿದ್ದರೂ ಮಗನಿಂದ ಓದಿಸಿಕೊಂಡು, ಅವನ ಕೈಯಲ್ಲಿ ಬರೆಸಿದರು. ಆ ಪುಟಗಳು ಎಲ್ಲಿರಬೇಕೋ ಅಲ್ಲೇ ಇರುತ್ತವೆ.

ಮಲೆನಾಡಿನವಳು:
ಸರ್, ನಿಮ್ಮ ಗುರುಗಳ ಬಗ್ಗೆ ನಾನು ಏನೂ ಹೇಳಲಿಲ್ಲ. ನಿಮ್ಮ ಓದುಗರಿಗೆ ನೀವು ಗೊತ್ತು, ಮುನ್ನುಡಿ ಇದ್ದರೂ ಕೊಳ್ಳುತ್ತಾರೆ. ನನ್ನನ್ನು ಯಾರೆಂದೇ ಗೊತ್ತಿಲ್ಲದವರು ಎರಡು ನಿಮಿಷ ನೋಡಿ ತೀರ್ಮಾನ ಮಾಡುತ್ತಾರೆ. ಆ ಎರಡು ನಿಮಿಷ ನನ್ನ ಕಥೆಗೆ ಬೇಕು.

ಬೆಂಗಳೂರು ಟೆಕ್ಕಿ:
ಅಕ್ಕಾ, ನನ್ನ ಕಥೆ ಕೇಳಿ. ಒಂದು 'ಪ್ಯಾಕೇಜ್' ಪ್ರಕಾಶನದವರಿಗೆ 28,000 ಕೊಟ್ಟೆ. ಮುಖಪುಟ, ಕರಡು ತಿದ್ದುಪಡಿ, 'ಜಾಗತಿಕ ವಿತರಣೆ', 'ಸಾಮಾಜಿಕ ಜಾಲತಾಣ ಪ್ರಚಾರ', ಎಲ್ಲ ಸೇರಿ ಅಂದರು. ತಿದ್ದುಪಡಿ ಮಾಡಿದವರಿಗೆ ಕನ್ನಡ ಬರುತ್ತಿರಲಿಲ್ಲ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ನಾನು ಬಿಟ್ಟ ಹಾಗೇ ವಾಪಸ್ ಬಂದವು. ಪ್ರಚಾರ ಅಂದರೆ ಅವರ ಪುಟದಲ್ಲಿ ಇಂಗ್ಲಿಷ್‌ನಲ್ಲಿ ಮೂರು ಪೋಸ್ಟ್. ಮುಖಪುಟದ ಮೂಲ ಫೈಲ್ ಕೇಳಿದರೆ ಅದಕ್ಕೆ ಬೇರೆ 1,200. ರಾಯಧನದ ಲೆಕ್ಕ ಮೂರು ತಿಂಗಳಿಗೊಮ್ಮೆ ಅಂತ ಒಪ್ಪಂದದಲ್ಲಿದೆ. ಮೊದಲ ಲೆಕ್ಕ ಬಂದಾಗ ವರ್ಷ ದಾಟಿತ್ತು, ಅದರಲ್ಲಿ 412 ರೂಪಾಯಿ.

ಆಮೇಲೆ ಜಾಹೀರಾತು. ದಿನಕ್ಕೆ 500 ರೂಪಾಯಿಯಂತೆ ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿದೆ, ಅಂದರೆ ಹೆಚ್ಚು ಜನರಿಗೆ ಕಾಣುವಂತೆ ಮಾಡಿಸಿದೆ, ಮೇಲೆ 18 ಶೇಕಡಾ ಜಿಎಸ್‌ಟಿ. ಲೈಕ್ ಸಾವಿರಗಟ್ಟಲೆ ಬಂದವು. ಲೈಕ್ ಕೊಟ್ಟವರ ಪ್ರೊಫೈಲ್ ನೋಡುತ್ತಾ ಕೂತೆ. ಕನ್ನಡ ಓದುವವರೇ ಕಡಿಮೆ. 'ಕರ್ನಾಟಕ' ಅಂತ ಜಾಗ ಆರಿಸಿದರೆ ಸಾಲದು, ಭಾಷೆಯನ್ನೂ ಆರಿಸಬೇಕು. ಅದನ್ನು ದುಡ್ಡು ಇಸಿದುಕೊಂಡ ಪ್ರಚಾರದವರು ನನಗೆ ಹೇಳಬೇಕಿತ್ತು, ಅಲ್ವಾ?

ಹತ್ತು ಸಾವಿರದಲ್ಲಿ ಒಂದು ರೂಪಾಯಿಯನ್ನೂ ಬೂಸ್ಟ್‌ಗೆ ಹಾಕಬೇಡಿ. ಅಮೆಜಾನ್‌ನ ಇ-ಪುಸ್ತಕ ಅಂಗಡಿ ಕಿಂಡಲ್‌ನಲ್ಲಿ ಹಾಕಿದವರು ಯಾರಾದರೂ ಇದ್ದರೆ ಹೇಳಿ, ನನಗೂ ಬೇಕು.

ನ್ಯೂಜೆರ್ಸಿ ಕನ್ನಡಿಗ:
ಕಿಂಡಲ್ ಆಸೆ ಬಿಡಿ. 2016ರ ಕೊನೆಯಲ್ಲಿ ಅಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಐದರಲ್ಲಿ ಕನ್ನಡ ಇರಲಿಲ್ಲ. ಸ್ವಯಂ ಪ್ರಕಟಣೆಯ ಭಾಷೆಗಳ ಪಟ್ಟಿಯನ್ನು ನಾನು ಆಗಾಗ ತೆಗೆದು ನೋಡುತ್ತೇನೆ, ಕನ್ನಡ ಇನ್ನೂ ಕಂಡಿಲ್ಲ. ನನಗೆ ಇದು ಬಹಳ ನೋವಿನ ವಿಷಯ. ಇಲ್ಲಿ ನನ್ನ ತಮಿಳು ಗೆಳೆಯ ಮಲಗುವ ಮುಂಚೆ ಕಾದಂಬರಿ ಇಳಿಸಿಕೊಂಡು ಓದುತ್ತಾನೆ. ನಾನು ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಜಾಗ ಕೇಳುತ್ತೇನೆ.

ಮೇಷ್ಟ್ರೇ, ನಿಮ್ಮ ಕ್ಯೂಆರ್ ಕೋಡ್ ಇಲ್ಲಿ ನಮಗೆ ಉಪಯೋಗಕ್ಕೆ ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಯುಪಿಐ ಇಲ್ಲ. ಕಾರ್ಡ್ ತೆಗೆದುಕೊಳ್ಳುವ ಅಂಗಡಿ ಬೇಕು. ಗೂಗಲ್ ಪ್ಲೇ ಆಗಲಿ, ಮೈಲ್ಯಾಂಗ್ ಆಗಲಿ, ವಿವಿಡ್‌ಲಿಪಿ ಆಗಲಿ. ಬೆಲೆ 60, 80 ಅಂತ ಇಡುತ್ತೀರಲ್ಲ, ನಮಗೆ ಅದು ಒಂದು ಡಾಲರೂ ಅಲ್ಲ. ಪ್ಲೇ ಬುಕ್ಸ್‌ನಲ್ಲಿ ದೇಶಕ್ಕೊಂದು ಬೆಲೆ ಇಡಬಹುದು. ನಾಲ್ಕು ಡಾಲರ್ ಇಟ್ಟರೂ ಕೊಳ್ಳುತ್ತೇವೆ.

ಪ್ರಕಾಶಕ, ಧಾರವಾಡ:
ಇಷ್ಟೆಲ್ಲ ಓದಿದೆ. ಹಾಗಿದ್ದರೂ ಹೇಳುತ್ತೇನೆ, ಅಚ್ಚು ಬಿಟ್ಟು ಬರೀ ಇ-ಪುಸ್ತಕ ಮಾಡುವುದು ಸರಿಯಲ್ಲ. ತೆರಿಗೆಯನ್ನೇ ತೆಗೆದುಕೊಳ್ಳಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಚ್ಚಾದ ಪುಸ್ತಕದ ಇ-ರೂಪಕ್ಕೆ 2018ರಿಂದ ಶೇಕಡಾ 5. ಬರೀ ಇ-ಪುಸ್ತಕವಾದರೆ ಶೇಕಡಾ 18. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಲು ಅಚ್ಚಾದ ಪ್ರತಿ ಬೇಕು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ ಇದೆ, ಪ್ರಕಟಣೆ ಬಂದಾಗ ನಿಯಮ ಸರಿಯಾಗಿ ಓದಿ. ಆತುರಪಟ್ಟು ಇ-ಪುಸ್ತಕ ಹೊರಗೆ ಬಿಟ್ಟು ಆ ಅವಕಾಶ ಕಳೆದುಕೊಳ್ಳಬೇಡಿ. ನಾನು 300 ಪ್ರತಿ ಅಚ್ಚು ಹಾಕಿಸಿದರೆ 27,000 ಆಗುತ್ತದೆ. ಅಂಗಡಿಯವರಿಗೆ 40 ಶೇಕಡಾ ಕೊಟ್ಟೂ ಎರಡು ವರ್ಷದಲ್ಲಿ ದುಡ್ಡು ಹುಟ್ಟಿಸುತ್ತೇನೆ. ಮೊಬೈಲಿನಲ್ಲಿ ಓದಿದ್ದು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಬೆಂಗಳೂರು ಟೆಕ್ಕಿ:
ಅವರ ಹತ್ತಿರ ಇರುವುದು ಹತ್ತು ಸಾವಿರ. ನೀವು 27,000ದ ಲೆಕ್ಕ ಹೇಳುತ್ತಿದ್ದೀರಿ. ಎರಡು ವರ್ಷ ಕಾಯಲು ನಿಮ್ಮ ಹತ್ತಿರ ಗೋದಾಮು ಇದೆ, ಅವರ ಹತ್ತಿರ ಮಂಚದ ಕೆಳಗಿನ ಜಾಗ. ನನ್ನ ಗೆಳೆಯನ ಮನೆಯಲ್ಲಿ ಕವನ ಸಂಕಲನದ ಕಟ್ಟುಗಳು ಈಗಲೂ ಬಿಚ್ಚದೆ ಇವೆ. ಸಗಟು ಖರೀದಿಯ ದುಡ್ಡು ಎಷ್ಟು ತಡವಾಗಿ ಬರುತ್ತದೆ ಅನ್ನುವುದನ್ನೂ ಹೇಳಿ.

ಪ್ರಕಾಶಕ, ಧಾರವಾಡ:
ತಡವಾಗುತ್ತದೆ, ನಿಜ. ಅದಕ್ಕಾಗಿ ನಾವು ಎಷ್ಟು ಮನವಿ ಕೊಟ್ಟಿದ್ದೇವೆ ಅಂತ ನಿಮಗೆ ಗೊತ್ತಿಲ್ಲ. ನಿಮ್ಮ 28,000 ಹೋದ ಸಿಟ್ಟನ್ನು ಎಲ್ಲ ಪ್ರಕಾಶಕರ ಮೇಲೆ ಹಾಕಬೇಡಿ. ಲೇಖಕರಿಂದ ದುಡ್ಡು ಕೇಳುವವರು ಪ್ರಕಾಶಕರೇ ಅಲ್ಲ. ನಾನು ಇವತ್ತಿನವರೆಗೂ ಒಬ್ಬ ಲೇಖಕರಿಂದಲೂ ಒಂದು ಪೈಸೆ ತೆಗೆದುಕೊಂಡಿಲ್ಲ.

ಡಿಟಿಪಿ ಅಂಗಡಿ, ಹುಬ್ಬಳ್ಳಿ:
'ಮೊಬೈಲಿನಲ್ಲಿ ಓದಿದ್ದು ನಿಲ್ಲುವುದಿಲ್ಲ' ಅಂದರೆ ಹೇಗೆ ಸರ್? ನನ್ನ ತಾಯಿಗೆ ಪುಸ್ತಕದ ಅಕ್ಷರ ಕಾಣುವುದಿಲ್ಲ. ಟ್ಯಾಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ದಿನಾ ಮಧ್ಯಾಹ್ನ ಓದುತ್ತಾರೆ. ಓದಿದ್ದನ್ನು ರಾತ್ರಿ ಊಟಕ್ಕೆ ಕೂತಾಗ ಪಾತ್ರಗಳ ಹೆಸರು ಸಮೇತ ಹೇಳುತ್ತಾರೆ.

ದಾವಣಗೆರೆ ಕಥೆಗಾರ್ತಿ:
ಎಲ್ಲರಿಗೂ ಧನ್ಯವಾದ. ನನಗೆ ಎರಡು ಅನುಮಾನ ಉಳಿದಿವೆ. ಪಿಡಿಎಫ್ ಸೋರಿ ಟೆಲಿಗ್ರಾಂ ಗುಂಪುಗಳಿಗೆ ಹೋದರೆ ಏನು ಮಾಡುವುದು? ಮೊದಲ ವಾರ ಪುಕ್ಕಟೆ ಕೊಟ್ಟರೆ ಹೆಸರಾಗುತ್ತದೆ ಅಂತ ಗೆಳತಿ ಹೇಳುತ್ತಾಳೆ, ಕೊಡಬೇಕಾ?

ಮಲೆನಾಡಿನವಳು:
ಪುಕ್ಕಟೆ ಬೇಡ ಅಕ್ಕಾ. ನನ್ನ ಜೊತೆ ಬರೆಯುವ ಒಬ್ಬರು ಹಾಗೆ ಕೊಟ್ಟರು. ಇಳಿಸಿಕೊಂಡವರು ತುಂಬಾ ಜನ, ಓದಿ ಒಂದು ಸಾಲು ಬರೆದವರು ಬೆರಳೆಣಿಕೆ. ಎಂಟನೇ ದಿನ ಬೆಲೆ ಹಾಕಿದರೆ 'ಮೊನ್ನೆ ಫ್ರೀ ಇತ್ತಲ್ಲ' ಅಂದರು. ಅದರ ಬದಲು ಒಂದೇ ಒಂದು ಕಥೆಯನ್ನು ಪೂರ್ತಿಯಾಗಿ ಎಲ್ಲರಿಗೂ ಕೊಡಿ, ಕೊನೆಯಲ್ಲಿ ಪುಸ್ತಕದ ಕೊಂಡಿ ಇಡಿ. ಬಿಡುಗಡೆಗೆ ಮೂರು ವಾರ ಮುಂಚೆ, ನಿಜವಾಗಿ ಓದುವ ಹದಿನೈದು ಇಪ್ಪತ್ತು ಜನರಿಗೆ ಪೂರ್ತಿ ಪುಸ್ತಕ ಕಳಿಸಿ. ಪ್ಲೇ ಬುಕ್ಸ್‌ನಲ್ಲಿ ಅದಕ್ಕೆ ಪ್ರೋಮೋ ಕೋಡ್ ಮಾಡಬಹುದು. ಹೊಗಳಿ ಅಂತ ಕೇಳಬೇಡಿ, ಓದಿ ಅನಿಸಿದ್ದು ಬರೆಯಿರಿ ಅನ್ನಿ. ರಾಜ್ಯೋತ್ಸವದ ದಿನವೇ ಬಿಡುಗಡೆ ಮಾಡಬೇಡಿ. ಅವತ್ತು ಎಲ್ಲ ಪ್ರಕಾಶನಗಳ ರಿಯಾಯಿತಿ ಪೋಸ್ಟರ್‌ಗಳ ನಡುವೆ ನಿಮ್ಮದು ಕಾಣುವುದೇ ಇಲ್ಲ. ಅಕ್ಟೋಬರ್ ಮಧ್ಯದಲ್ಲಿ ತನ್ನಿ. ನವೆಂಬರ್‌ನಲ್ಲಿ ಓದುಗರ ಮಾತುಗಳನ್ನು ಹಂಚಿಕೊಳ್ಳಲು ಆಗುತ್ತದೆ.

ನಿವೃತ್ತ ಮೇಷ್ಟ್ರು, ಹಾಸನ:
ಸೋರಿಕೆ ಬಗ್ಗೆ ನಾನು ಹೇಳುತ್ತೇನೆ. ನನ್ನದೂ ಒಂದು ಗುಂಪಿನಲ್ಲಿ ಬಂತು. ಹೆಸರಿದ್ದ ಪುಟವನ್ನೇ ಕಿತ್ತು ಹಾಕಿದ್ದರು. ಗುಂಪು ನಡೆಸುವವರಿಗೆ ನೇರವಾಗಿ ಫೋನ್ ಮಾಡಿ 'ಇದು ನನ್ನ ಪುಸ್ತಕ, 80 ರೂಪಾಯಿ, ನೀವು ಕೊಡಲಾರಿರಾ?' ಅಂತ ಕೇಳಿದೆ. ಅವತ್ತೇ ತೆಗೆದರು, ದುಡ್ಡನ್ನೂ ಹಾಕಿದರು.

ಬೆಂಗಳೂರು ಟೆಕ್ಕಿ:
ನಿಮಗೆ ಒಳ್ಳೆಯವರು ಸಿಕ್ಕಿದರು ಸರ್. ನನ್ನ ಪುಸ್ತಕ ಹಾಕಿದವನು 'ಜ್ಞಾನ ಎಲ್ಲರಿಗೂ ಸೇರಿದ್ದು' ಅಂತ ಬರೆದು ನನ್ನನ್ನೇ ಬ್ಲಾಕ್ ಮಾಡಿದ. ಟೆಲಿಗ್ರಾಂಗೆ ದೂರು ಕೊಡಬಹುದು ಅಕ್ಕಾ, ಕೊಡಿ. ಆದರೆ ಅದರ ಹಿಂದೆಯೇ ಓಡಿ ಬರೆಯುವುದನ್ನು ನಿಲ್ಲಿಸಬೇಡಿ.

ಪ್ರಕಾಶಕ, ಧಾರವಾಡ:
ಅಚ್ಚಾದ ಪುಸ್ತಕವಾಗಿದ್ದರೆ ಈ ಕಾಟವೇ ಇರುತ್ತಿರಲಿಲ್ಲ.

ಡಿಟಿಪಿ ಅಂಗಡಿ, ಹುಬ್ಬಳ್ಳಿ:
ಸರ್, ಆ ಗುಂಪುಗಳಲ್ಲಿ ಓಡಾಡುವುದರಲ್ಲಿ ಹೆಚ್ಚಿನವು ಅಚ್ಚಾದ ಪುಸ್ತಕಗಳ ಸ್ಕ್ಯಾನ್‌ಗಳೇ. ಹೋಗಿ ನೋಡಿ. ನಿಮ್ಮ ಪ್ರಕಾಶನದವೂ ಇರಬಹುದು.

ದಾವಣಗೆರೆ ಮೇಡಂ, ನಿಮ್ಮ ಒಂದು ಕಥೆಯ ವರ್ಡ್ ಫೈಲ್ ನನಗೆ ಕಳಿಸಿ. ಅರ್ಕಾವತ್ತು, ಒತ್ತಕ್ಷರ ಎಲ್ಲ ನೋಡಿ ಇ-ಪಬ್ ಮಾಡಿ ತೋರಿಸುತ್ತೇನೆ. ಒಂದು ಕಥೆಗೆ ದುಡ್ಡು ಬೇಡ. ಹಿಡಿಸಿದರೆ ಉಳಿದ ಹತ್ತರ ಮಾತು ಆಡೋಣ.