ಪದ ಬೇಕು: ಮಾಡೆಲ್ ಬೇಸ್ಡ್ ಟೆಸ್ಟಿಂಗ್, ಜತೆಗೆ ‘ಎಡ್ಜ್’ (ತುರ್ತು)

ಬಳಗದವರಿಗೆ ನಮಸ್ಕಾರ. ಗ್ರಾಫ್‌ವಾಕರ್ ತಂತ್ರಾಂಶದ ಕೈಪಿಡಿಯ ಅನುವಾದವನ್ನು ಇವತ್ತು ರಾತ್ರಿಯೊಳಗೆ ಕಳಿಸಬೇಕು. ಆ್ಯಪ್ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಚುಕ್ಕಿ, ಬಾಣಗಳ ಚಿತ್ರವಾಗಿ ಬರೆದಿಟ್ಟು, ಅದರಿಂದಲೇ ಟೆಸ್ಟ್‌ನ ದಾರಿ ಹೊರಡಿಸುವ ಕ್ರಮವೇ ಮಾಡೆಲ್ ಬೇಸ್ಡ್ ಟೆಸ್ಟಿಂಗ್. ‘ಮಾದರಿ ಆಧಾರಿತ ಪರೀಕ್ಷೆ’ ಎಂದು ಬರೆದರೆ, ಓದಿದವರು ಮಾದರಿ ಪ್ರಶ್ನೆಪತ್ರಿಕೆ ಅಂದುಕೊಂಡರು. ವರ್ಟೆಕ್ಸ್‌ಗೆ (ಚಿತ್ರದ ಚುಕ್ಕಿ) ಶೃಂಗ, ಎಡ್ಜ್‌ಗೆ (ಬಾಣ) ಅಂಚು ಹಾಕಿದ್ದೇನೆ. ತೆರೆಯ ಮೇಲೆ ‘ಅಂಚು: ತಪ್ಪು ಪಾಸ್‌ವರ್ಡ್ ಕೊಡು’ ಎಂದು ಬರುತ್ತಿದೆ. ನನಗೇ ನಗು. ಇನ್ನೊಂದು ಸಾಲು: ‘ವೆಬ್‌ಸಾಕೆಟ್ ಸೇವೆಯ ಮೂಲಕ ಪರೀಕ್ಷೆ ನಡೆಸುತ್ತದೆ’. ಸರಿಯೇ?

ಮರು:
> ಮಾದರಿ ಆಧಾರಿತ ಪರೀಕ್ಷೆ
ಮೂರೂ ಬೇಡ. ಪರೀಕ್ಷೆ ಅಂದರೆ ಪರಿ + ಈಕ್ಷೆ, ಸುತ್ತ ನೋಡುವುದು, ಅಷ್ಟೇ. ನಮ್ಮದು ‘ಒರೆ’. ಚಿನ್ನವನ್ನು ಕಲ್ಲಿಗೆ ಉಜ್ಜಿ, ಉಳಿದ ಗೆರೆಯ ಬಣ್ಣ ನೋಡುವುದು. ಟೆಸ್ಟ್ ಅಂದರೆ ಅದೇ ತಾನೇ? ಮಾಡೆಲ್‌ಗೆ ಅಚ್ಚು, ಟೆಸ್ಟ್‌ಗೆ ಒರೆ: ‘ಅಚ್ಚೊರೆ’ ಅನ್ನಿ.

ಮರು:
ಅಚ್ಚೊರೆ! ಮುಲಾಮು ಹಚ್ಚಬೇಕಾದ ಕಾಯಿಲೆಯ ಹಾಗಿದೆ.
ಪದಕ್ಕಿಂತ ಮೊದಲು ಆ ಕೊನೇ ಸಾಲು ತಿದ್ದಿ, ಅರ್ಥವೇ ತಪ್ಪಿದೆ. ಆ ಸೇವೆ ಪರೀಕ್ಷೆ ನಡೆಸುವುದಿಲ್ಲ. ಅದು ಸಾಮಾನ್ಯವಾಗಿ 8887ನೇ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ನಿಮ್ಮ ಟೆಸ್ಟ್ ಪ್ರೋಗ್ರಾಮು ಹೋಗಿ “ಇನ್ನೂ ಹೆಜ್ಜೆ ಇದೆಯಾ?” ಅನ್ನುತ್ತದೆ. “ಇದೆ.” “ಮುಂದಿನದು?” “ತಪ್ಪು ಪಾಸ್‌ವರ್ಡ್ ಕೊಡು.” ಪಾಸ್‌ವರ್ಡ್ ಟೈಪಿಸುವುದು, ಬಟನ್ ಒತ್ತುವುದು, ದೋಷದ ಸಂದೇಶ ಬಂತೋ ಎಂದು ನೋಡುವುದು ಎಲ್ಲ ಪ್ರೋಗ್ರಾಮಿನ ಪಾಡು. ವೆಬ್‌ಸಾಕೆಟ್‌ನಲ್ಲಿ ಒಮ್ಮೆ ಕೂಡಿಕೊಂಡ ಸಂಪರ್ಕ ಕಡಿಯದೆ ಇರುವುದರಿಂದ ಮಾತು ಎರಡೂ ಕಡೆಯಿಂದ ಸಾಗುತ್ತದೆ. ಹಾಗಾಗಿ ‘ಪರೀಕ್ಷೆಯ ದಾರಿ ಹೇಳುತ್ತದೆ’ ಅನ್ನಿ.
‘ಅಂಚು’ ಬೇಡ. ರೇಖಾಗಣಿತಕ್ಕೆ ಸರಿ, ಇಲ್ಲಿ ಎಡ್ಜ್ ಅಂದರೆ ಮಾಡುವ ಕೆಲಸ, ವರ್ಟೆಕ್ಸ್ ಅಂದರೆ ಮಾಡಿದ ಮೇಲೆ ಬಂದು ನಿಂತ ಸ್ಥಿತಿ. ಸಾಲದ್ದಕ್ಕೆ ‘ಎಡ್ಜ್ ಕೇಸ್’ (ಅಪರೂಪದ, ಮಿತಿಯಂಚಿನ ಸಂದರ್ಭ) ಬೇರೆ ಇದೆ, ಎರಡೂ ಕಲಸಿಹೋಗುತ್ತವೆ. ವರ್ಟೆಕ್ಸ್‌ಗೆ ನೆಲೆ, ಎಡ್ಜ್‌ಗೆ ನಡೆ ಇಟ್ಟುಕೊಳ್ಳಿ. ಚದುರಂಗದ ನಡೆ.

ಮರು:
‘ನಡೆವ್ಯಾಪ್ತಿ’ ಎಂದು ಬರೆಯುತ್ತೀರಾ ಎಡ್ಜ್ ಕವರೇಜ್‌ಗೆ (ಎಷ್ಟು ನಡೆ ಮುಗಿದವು ಎಂಬ ಲೆಕ್ಕ)? ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು. ಅಂಥ ಬೆರಕೆಯನ್ನು ಒಪ್ಪುವ ಗಮಕವೂ ಅಲ್ಲ, ಕ್ರಿಯಾಸಮಾಸವೂ ಅಲ್ಲ, ರಿಯಾಯಿತಿ ಇಲ್ಲ.

ಮರು:
ಸಮಾಸ ಬಿಡಿಸಿ: ‘ನಡೆಗಳ ವ್ಯಾಪ್ತಿ’. ಮುಗಿಯಿತು. ಅಂದಹಾಗೆ ‘ವೆಬ್‌ಸಾಕೆಟ್ ಸೇವೆ’ಗೆ ನಿಮ್ಮ ತಕರಾರಿಲ್ಲವೇ? ಇಂಗ್ಲಿಷು ಸಂಸ್ಕೃತಕ್ಕೆ ಅಂಟಿದರೆ ಸುಮ್ಮನಿರುತ್ತೀರಿ, ಕನ್ನಡ ಅಂಟಿದರೆ ಮಾತ್ರ ಅರಿ.

ಮರು:
‘ಶಬ್ದಮಣಿದರ್ಪಣ’ ಎಂಬ ಕನ್ನಡ ವ್ಯಾಕರಣ ಬರೆದ ಕೇಶಿರಾಜನ ಕಾಲಕ್ಕೆ ಇಲ್ಲಿ ಇಂಗ್ಲಿಷಿರಲಿಲ್ಲ ಸ್ವಾಮಿ. ಇದ್ದಿದ್ದರೆ ಅಪಭ್ರಂಶ ಪ್ರಕರಣದಲ್ಲಿ ‘ಸಾಕೀಟು’ ಎಂದು ಒಂದು ಸಾಲು ಸೇರಿಸುತ್ತಿದ್ದ. ತದ್ಭವ ಮಾಡಿಕೊಳ್ಳದೆ ಹಸಿಹಸಿಯಾಗಿ ನುಂಗುವುದೇ ಈಗಿನವರ ರೋಗ.

ಮರು:
‘ಒರೆ’ಯ ಬಗ್ಗೆ ಯಾರೂ ಉತ್ತರಿಸಿಲ್ಲ.

ಮರು:
ಧನ್ಯವಾದ. ನೆಲೆ, ನಡೆ ಹಾಕಿದೆ. ತೆರೆಯ ಮೇಲೆ ಈಗ ‘ನೆಲೆ: ಲಾಗಿನ್ ಪುಟ’, ‘ನಡೆ: ತಪ್ಪು ಪಾಸ್‌ವರ್ಡ್ ಕೊಡು’. ಟೆಸ್ಟ್ ನಿಲ್ಲುವ ಷರತ್ತು ‘100% ನಡೆಗಳು ಮುಗಿದಾಗ’. ಶೀರ್ಷಿಕೆಯಲ್ಲಿ ‘ಮಾಡೆಲ್’ ಹಾಗೇ ಬಿಟ್ಟಿದ್ದೇನೆ, ಸಾಕೆಟ್ಟನ್ನೂ ಮುಟ್ಟಿಲ್ಲ. ಒರೆಯವರು ಕ್ಷಮಿಸಬೇಕು, ಕಡತ ಕಳಿಸಿಯಾಯಿತು.