ಎರಡೂ ಹುಳದ್ದು ಒಂದೇ ಉಪಾಯವಾ?

ಗಿರೀಶ (ಫಾರ್ವರ್ಡ್): "ಮೊನಾರ್ಕ್ ಚಿಟ್ಟೆಯ ಹುಳವೂ ಎಲೆಕೋಸಿನ ಹೇನೂ ಗಿಡದ ವಿಷವನ್ನು ಮೈಯಲ್ಲಿ ಕೂಡಿಡುತ್ತವೆ. ಎರಡರದ್ದೂ ಒಂದೇ ಉಪಾಯ."

ಸುಮಾ: ಕೊನೇ ಸಾಲು ತಪ್ಪು ಕಣೋ. ಮೊನಾರ್ಕ್ ಹುಳ ತಾನು ತಿನ್ನೋ ಮಿಲ್ಕ್‌ವೀಡ್ ಗಿಡದಿಂದ ತಗೊಳ್ಳೋ ಕಾರ್ಡಿನೊಲೈಡ್ ಇದ್ದ ಹಾಗೇ ವಿಷ. ಹೇನು ಎಲೆಕೋಸಿನ ರಸದ ಜೊತೆ ಹೀರಿಕೊಳ್ಳೋ ಗ್ಲೂಕೋಸಿನೊಲೇಟ್ ಹಾಗಲ್ಲ. ಮೈರೋಸಿನೇಸ್ ಕಿಣ್ವ ಅದನ್ನ ಒಡೆದರೇನೇ ಸಾಸಿವೆ ಘಾಟಿನ ವಿಷ ಹುಟ್ಟೋದು. ಆ ಕಿಣ್ವ ಗಿಡದಿಂದ ಬಂದಿದ್ದಲ್ಲ, ಹೇನೇ ತಯಾರಿಸುತ್ತೆ.

ರವಿ: ತಿಂದವನಿಗೆ ಏನು ವ್ಯತ್ಯಾಸ? ಓದೋರಿಗೆ ಇಷ್ಟು ಸಾಕು ಬಿಡು.

ಸುಮಾ: ಸಾಲದು ರವಿ. ಕಿಣ್ವ ಇರೋದು ತಲೆ ಮತ್ತು ಎದೆಭಾಗದ ಸ್ನಾಯುಗಳಲ್ಲಿ, ಗ್ಲೂಕೋಸಿನೊಲೇಟ್ ರಕ್ತದಲ್ಲಿ. ಮೈ ಜಜ್ಜಿದಾಗಲೇ ಎರಡೂ ಬೆರೆಯೋದು. ಅಷ್ಟರಲ್ಲಿ ಆ ಹೇನು ಸತ್ತಿರುತ್ತೆ, ಲಾಭ ಪಕ್ಕದಲ್ಲಿರೋ ಅದರ ತದ್ರೂಪಿ ಬಳಗಕ್ಕೆ. ಮೊನಾರ್ಕ್‌ಗೆ ರೆಕ್ಕೆಯಲ್ಲೂ ವಿಷ ಇದೆ. ಹಕ್ಕಿ ಕಚ್ಚಿ ಉಗುಳಿದರೆ ಚಿಟ್ಟೆ ತಾನೇ ಬದುಕಬಹುದು.

ಗಿರೀಶ: ವಿಷ ಸಿದ್ಧವಾಗೇ ಇದ್ದರೆ ಹುಳಕ್ಕೇ ಯಾಕೆ ತಾಗಲ್ಲ?

ಸುಮಾ: ಕಾರ್ಡಿನೊಲೈಡ್ ಕಟ್ಟಿಹಾಕೋದು ಜೀವಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪನ್ನ, ಅಂದರೆ ಆ ಲವಣಗಳನ್ನ ಒಳಹೊರಗೆ ಸಾಗಿಸೋ ಪ್ರೋಟೀನನ್ನ. ಮೊನಾರ್ಕ್‌ನ ಪಂಪಿನಲ್ಲಿ 111, 119, 122ನೇ ಜಾಗದ ಅಮೈನೋ ಆಮ್ಲಗಳು ಬದಲಾಗಿರೋದರಿಂದ ವಿಷಕ್ಕೆ ಹಿಡಿತ ಸಿಗಲ್ಲ. ಹುಳಕ್ಕೆ ನಿಜವಾದ ಕಂಟಕ ಗಿಡದ ಸೊನೆ. ಎಷ್ಟೋ ಮರಿಗಳು ಅದರಲ್ಲೇ ಅಂಟಿಕೊಂಡು ಸಾಯುತ್ತವೆ. ಅದಕ್ಕೇ ಮರಿ ಎಲೆ ಮೇಲೆ ದುಂಡಗೆ ಕಾಲುವೆ ಕೊರೆದು ಒಳಭಾಗ ಮಾತ್ರ ತಿನ್ನುತ್ತೆ, ಬೆಳೆದ ಹುಳ ತೊಟ್ಟನ್ನೋ ನಡುನರವನ್ನೋ ಕಚ್ಚಿ ಸೊನೆ ಹರಿಯೋದನ್ನ ಮೊದಲು ತಡೆಯುತ್ತೆ.

ರವಿ: ಆದರೂ ಎರಡಕ್ಕೂ ಮೂಲ ಗಿಡವೇ ತಾನೆ? 1960ರ ದಶಕದಲ್ಲಿ ಕೀಟವಿಜ್ಞಾನಿ ಲಿಂಕನ್ ಬ್ರೋವರ್ ತಂಡ ಮಿಲ್ಕ್‌ವೀಡ್ ಬದಲು ಎಲೆಕೋಸು ತಿನ್ನಿಸಿ ಬೆಳೆಸಿದ ಮೊನಾರ್ಕ್‌ಗಳನ್ನ ಬ್ಲೂ ಜೇ ಹಕ್ಕಿಗಳು ವಾಂತಿ ಮಾಡದೆ ಅರಗಿಸಿಕೊಂಡವು.

ಸುಮಾ: ಅದು ಸರಿ. ಆದರೆ ಹೇನಿನಲ್ಲಿ ಗಿಡ ಒಂದೇ ಎಲ್ಲ ತೀರ್ಮಾನಿಸಲ್ಲ. 2007ರ ಪ್ರಯೋಗ ನೋಡು: 1% ಸಿನಿಗ್ರಿನ್ (ಒಂದು ಬಗೆಯ ಗ್ಲೂಕೋಸಿನೊಲೇಟ್) ಇದ್ದ ಆಹಾರದಲ್ಲಿ ಬೆಳೆದ ರೆಕ್ಕೆಯಿಲ್ಲದ ಹೇನು ತಿಂದ ಎರಡು ಚುಕ್ಕೆಯ ಗುಲಗಂಜಿ ಹುಳದ ಮರಿಗಳು ಉಳಿಯಲಿಲ್ಲ. ಅದೇ ಆಹಾರದ ರೆಕ್ಕೆ ಹೇನು ತಿಂದವು ಬದುಕಿದವು. ರೆಕ್ಕೆ ಇರೋವು ಗ್ಲೂಕೋಸಿನೊಲೇಟನ್ನ ಸಿಹಿ ಅಂಟುದ್ರವದ ಜೊತೆ ಹೆಚ್ಚಾಗಿ ಹೊರಹಾಕುತ್ತವೆ.

ಗಿರೀಶ: ಹಾಗಾದರೆ ತಿದ್ದಿ ಕಳಿಸ್ತೀನಿ: "ಮೊನಾರ್ಕ್ ಸಿದ್ಧ ವಿಷ ಹೊತ್ತಿರುತ್ತೆ, ಹೇನಿನ ವಿಷ ಜಜ್ಜಿದಾಗ ಹುಟ್ಟುತ್ತೆ."

ರವಿ: "ಎಲೆಕೋಸಿನ ಹೇನು" ಅಂತ ಪೂರ್ತಿ ಬರಿ. ಹಸಿರು ಪೀಚ್ ಹೇನು ಅದೇ ಎಲೆಕೋಸಿನ ರಸ ಹೀರಿದರೂ ಗ್ಲೂಕೋಸಿನೊಲೇಟ್ ಕೂಡಿಡಲ್ಲ, ಹೊರಗೆ ಬಿಟ್ಟುಬಿಡುತ್ತೆ.