ಸಹಾಯ ಬೇಕು: ಟಿವಿ ಗೇಮ್ ಕ್ಯಾಸೆಟ್ ರಿಪೇರಿ, ಕಾರವಾರದ ಸುತ್ತಮುತ್ತ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೋಡಿಬಾಗದಲ್ಲಿ. ಅಟ್ಟದಿಂದ ಹಳೇ ಟಿವಿ ಗೇಮ್ ಇಳಿಸಿದ್ದೇನೆ. ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಅನ್ನುವ ಗೇಮ್ ಯಂತ್ರದ ನಕಲು, 60 ಪಿನ್ನಿನ ಕ್ಯಾಸೆಟ್ ಹಾಕುವಂಥದ್ದು. ಉಳಿದ ಆಟ ಎಲ್ಲ ಓಡುತ್ತವೆ. ನನಗೆ ಬೇಕಾದ ಗ್ರೇಡಿಯಸ್ ಮಾತ್ರ ಕೈಕೊಟ್ಟಿದೆ. ವಿಮಾನ ಎಡದಿಂದ ಬಲಕ್ಕೆ ಹೋಗುತ್ತಾ ಗುಂಡು ಹೊಡೆಯುತ್ತದಲ್ಲ, ಕೊನಾಮಿಯವರ ಆಟ, ಅದೇ.

ಹಾಕಿದರೆ ಚೌಕ ಚೌಕ ಕಸ ಕಾಣುತ್ತದೆ, ಶಬ್ದ ಇಲ್ಲ. ಬಿಚ್ಚಿ ನೋಡಿದೆ. ಪಿನ್ನಿನ ಮೇಲೆ ಹಸಿರು ಕಿಲುಬು, ತುದಿಯ ಎರಡು ಪಿನ್ ಸವೆದು ತೆಳ್ಳಗಾಗಿವೆ. ಉಪ್ಪುಗಾಳಿ ಅಲ್ವಾ, ಇಲ್ಲಿ ಗೇಟೇ ಉಳಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿಯಿಂದ ಉಜ್ಜಿದೆ, ಕಿಲುಬು ಹೋಯಿತು, ಆಟ ಬರಲಿಲ್ಲ. ಹಾಗಾಗಿ 'ಬಾಯಿಂದ ಊದಿ ನೋಡಿ' ಅಂತ ದಯವಿಟ್ಟು ಹೇಳಬೇಡಿ, ಎಂಜಲು ತಾಗಿ ಇನ್ನೂ ಕಿಲುಬು ಹಿಡಿಯುತ್ತದೆ.

ಶತ್ರು ವಿಮಾನ ಜಾಸ್ತಿ ಬಂದಾಗ ಮಿಣುಕುವುದು ದೋಷ ಅಲ್ಲ, ಗೊತ್ತು. ಪರದೆಯ ಒಂದು ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಸ್ಪ್ರೈಟ್ (ಓಡಾಡುವ ಸಣ್ಣ ಚಿತ್ರ) ಈ ಯಂತ್ರದ ಚಿತ್ರ ಮೂಡಿಸುವ ಚಿಪ್ ತೋರಿಸುವುದಿಲ್ಲ.

ಸವೆದ ಪಿನ್ನಿಗೆ ಸಣ್ಣ ತಂತಿ ಬೆಸುಗೆ ಹಾಕಿಕೊಡುವವರು ಕಾರವಾರ, ಅಂಕೋಲಾ ಕಡೆ ಇದ್ದಾರಾ? ಶಿರಸಿಯಾದರೂ ಬರುತ್ತೇನೆ. ಇದೇ ಕ್ಯಾಸೆಟ್ ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ಕೊಳ್ಳಲೂ ತಯಾರು. ಕೆಳಗೆ ಕಾಮೆಂಟ್ ಹಾಕಿ.